ಪಿಂಗಾಣಿ ಹೆಣಿಗೆ

ಚಿಕ್ಕಮ್ಮ ನಾಲ್ಕು ಗಂಟೆಗೆ ಬರುತ್ತೇನೆಂದಿದ್ದಳು, ಈಗಿನ್ನೂ ಎರಡೂಕಾಲು. ಅಷ್ಟರಲ್ಲೇ, ಗ್ಯಾಲರಿಯಲ್ಲಿ ಕಾಯುತ್ತಿದ್ದ ಅವಳು ಅದೇ ಪಿಂಗಾಣಿ ಹೂಜಿಯನ್ನು ಆರು ಸಲ ಒರೆಸಿ ಮುಗಿಸಿದ್ದಳು. ಹೂಜಿಯ ಮೇಲೆ ಧೂಳಿರಲಿಲ್ಲ, ಒರೆಸುವ ಕುಂಚದ ಮೇಲೂ ಇರಲಿಲ್ಲ. ಐದೂವರೆಗೆ ಪ್ರದರ್ಶನದ ಬಾಗಿಲು ತೆರೆಯುತ್ತದೆ, ಜನ ಬರುತ್ತಾರೆ, ನಾಲ್ಕು ಮಾತಾಡಬೇಕು, ಅದೇನೂ ಹೊಸದಲ್ಲ. ಇಪ್ಪತ್ತು ವರ್ಷದಿಂದ ಮಣ್ಣಿನಲ್ಲಿ ಕೈಯಿಟ್ಟವಳು ಜನರ ಮುಂದೆ ನಿಲ್ಲಲು ಹೆದರುವವಳಲ್ಲ. ಹೆದರಿಕೆ ಇದ್ದದ್ದು ನಾಲ್ಕು ಗಂಟೆಗೆ. ಉದ್ದನೆಯ ಬಿಳಿ ಹಾಲಿನ ನಡುವೆ ಅವಳು ಒಂದು ಇಡೀ ಕೋಣೆಯನ್ನೇ ಪಿಂಗಾಣಿಯಲ್ಲಿ ಮಾಡಿ ನಿಲ್ಲಿಸಿದ್ದಳು: ಮೇಜು, ಅದರ ಮೇಲೆ ರೇಡಿಯೋ, ಪಕ್ಕದಲ್ಲಿ ನೀರಿನ ಹೂಜಿ, ಎರಡು ಕುರ್ಚಿ, ಒಂದು ದಿಂಬು, ಕಪ್ಪು-ಸಾಸರು, ಇನ್ನೂ ಹತ್ತಾರು ಸಣ್ಣ ಸಾಮಾನು. ಎಲ್ಲದರ ಮೇಲೂ ಕ್ರೋಶಾ ಹೆಣಿಗೆಯ ಹೊದಿಕೆ, ಅದೂ ಪಿಂಗಾಣಿಯದೇ. ಹತ್ತಿರ ಹೋಗಿ ನೋಡಿದರೆ ಒಂದೊಂದು ಗಂಟೂ, ನೂಲಿನ ಒಂದೊಂದು ತಿರುವೂ ಎಣಿಸುವಷ್ಟು ಸ್ಪಷ್ಟ. ನೋಡಿದವರೆಲ್ಲ ಮೊದಲು ಕೇಳುವುದು, ಇದನ್ನು ಹೇಗೆ ಮಾಡಿದಿರಿ ಎಂದು. ಹೇಗೆ ಮಾಡಿದಳೆಂಬುದೇ ಬೆಳಗಿನಿಂದ ಅವಳನ್ನು ಕಾಡುತ್ತಿದ್ದ ಸಂಗತಿ.

ಮಾಡುವ ಬಗೆ ಅಂಥ ದೊಡ್ಡ ವಿದ್ಯೆಯೇನಲ್ಲ. ಪಿಂಗಾಣಿ ಮಣ್ಣನ್ನು ಗಂಜಿಯ ಹದಕ್ಕೆ ಕದಡಿ, ಹತ್ತಿಯ ಹೆಣಿಗೆಯನ್ನು ಅದರಲ್ಲಿ ಅದ್ದಿ, ನೂಲು ಮಣ್ಣು ಕುಡಿಯುವವರೆಗೆ ಬೆರಳಿನಿಂದ ತಿಕ್ಕಿ, ಬೇಕಾದ ಆಕಾರಕ್ಕೆ ಹೊದಿಸಿ, ಒಣಗಿಸಿ ಭಟ್ಟಿಗಿಡಬೇಕು. ಒಳಗಿನ ಬಟ್ಟೆ ಸುಟ್ಟು ಹೋಗುತ್ತದೆ, ಸುತ್ತಲಿನ ಮಣ್ಣು ಬೆಂದು ನಿಲ್ಲುತ್ತದೆ. ಅಂದರೆ ಇಲ್ಲಿ ಕಾಣುತ್ತಿರುವುದು ಹೆಣಿಗೆಯಲ್ಲ, ಹೆಣಿಗೆ ಇದ್ದ ಜಾಗದ ಚಿಪ್ಪು. ಮೂವತ್ತೊಂದು ಹೊದಿಕೆ, ಮೂವತ್ತೊಂದೂ ಚಿಕ್ಕಮ್ಮ ಹೆಣೆದವು, ಮೂವತ್ತೊಂದೂ ಸುಟ್ಟು ಹೋಗಿವೆ, ಚಿಕ್ಕಮ್ಮನಿಗೆ ಅದು ಗೊತ್ತಿಲ್ಲ. ಮೊದಲು ಅವಳು ಅಂಗಡಿಯ ಲೇಸನ್ನೇ ತಂದದ್ದು. ಯಂತ್ರದ ಲೇಸು ಭಟ್ಟಿಯಿಂದ ಹೊರಬಂದಾಗ ಹೊಸ ಹಲ್ಲು ಕಟ್ಟಿಸಿಕೊಂಡವರ ನಗುವಿನ ಹಾಗೆ ಒಂದೇ ಸಮ ಇತ್ತು. ಹಾಳಾದ್ದು, ಒಂದು ನೋಡೇಬಿಡೋಣ ಎಂದು ಚಿಕ್ಕಮ್ಮನ ಪೆಟ್ಟಿಗೆಯಿಂದ ಕಪ್ಪಿನ ಮೇಲೆ ಮುಚ್ಚುವ ಪುಟ್ಟ ಬಟ್ಟೆಯೊಂದನ್ನು ತೆಗೆದು ಅದ್ದಿದಳು. ಒಂದು ಕಡೆ ಬಿಗಿ, ಒಂದು ಕಡೆ ಸಡಿಲ, ನಡುವೆ ಎಲ್ಲೋ ಎದ್ದು ಹೋಗಿ ಬಂದು ಮತ್ತೆ ಹಿಡಿದ ಹೆಣಿಗೆ. ಭಟ್ಟಿ ತೆರೆದು ಅದನ್ನು ಕಂಡಾಗ ಅವಳು ಅಲ್ಲೇ ಕುಕ್ಕರಗಾಲಲ್ಲಿ ಕೂತು ಅತ್ತಳು. ಅತ್ತು ಮುಗಿದ ಮೇಲೆ ಎದ್ದು ಹೋಗಿ ಎರಡನೆಯದನ್ನು ತೆಗೆದಳು. ಪ್ರತಿ ಸಲವೂ ಇದೊಂದೇ ಎಂದುಕೊಂಡಳು, ಹಾಗೆ ಅಂದುಕೊಳ್ಳುತ್ತಲೇ ಒಂದು ವರ್ಷದಲ್ಲಿ ಪೆಟ್ಟಿಗೆಯ ತಳ ಕಂಡಿತು.

ಆ ಪೆಟ್ಟಿಗೆ ಅವಳ ಕೈಗೆ ಬಂದದ್ದು ಮನೆ ಖಾಲಿ ಮಾಡಿದಾಗ. ಅಪ್ಪನೂ ಅಮ್ಮನೂ ಹೋದ ಮೇಲೆ ಬಾಡಿಗೆಯ ಆ ಮನೆಯನ್ನು ಇಟ್ಟುಕೊಳ್ಳಲು ಕಾರಣವಿರಲಿಲ್ಲ. ಅವಳು ಹುಟ್ಟಿದಾಗ ಅಕ್ಕನಿಗೆ ಕೈಯಾಸರೆಯಾಗಿ ನಾಲ್ಕು ದಿನ ಇದ್ದು ಹೋಗುತ್ತೇನೆಂದು ಬಂದಿದ್ದ ಚಿಕ್ಕಮ್ಮ ಮೂವತ್ತೆಂಟು ವರ್ಷ ಅಲ್ಲೇ ಉಳಿದಿದ್ದಳು. ಅಮ್ಮ ಕೆಲಸಕ್ಕೆ ಹೋಗುತ್ತಿದ್ದಳು. ಅಡಿಗೆ, ಬಟ್ಟೆ, ಕಾಯಿಲೆ, ಅವಳ ಸ್ಕೂಲಿನ ಜಡೆ, ಅಣ್ಣನ ಟಿಫಿನ್ ಡಬ್ಬಿ, ಅಪ್ಪನ ಶರ್ಟಿನ ಗುಂಡಿ ಎಲ್ಲ ಚಿಕ್ಕಮ್ಮನದು. ನಮ್ಮನೇಲೇ ಬಂದು ಇರು ಎಂದು ಅವಳು ಕರೆದಾಗ, ಅಯ್ಯೋ ಬೇಡಮ್ಮ ಎಂದು ಎರಡೂ ಕೈ ಎತ್ತಿ ಮುಗಿದು, ಪಾರ್ಕಿನ ಆಚೆ ಒಂದು ರೂಮು ಹಿಡಿದು ಹೋದಳು. ಪೆಟ್ಟಿಗೆಯನ್ನು ಮಾತ್ರ, ಅಲ್ಲಿ ಜಾಗ ಇಲ್ಲ ಪುಟ್ಟಿ, ನಿನ್ನ ಹತ್ರ ಇರ್ಲಿ, ಬೇಕಾದಾಗ ಕೇಳ್ತೀನಿ ಎಂದು ಕೊಟ್ಟಳು. ಬೇಕಾದಾಗ ಎಂಬುದು ಹೋದ ವಾರ ಬಂತು. ಫೋನಿನಲ್ಲಿ ಅವಳು "ಯಾವ ಬಟ್ಟೆ ಚಿಕ್ಕಮ್ಮ?" ಎಂದು ಏನೂ ಗೊತ್ತಿಲ್ಲದವಳ ಹಾಗೆ ಕೇಳಿದಳು. "ಯಾವ್ದು ಅಂದ್ರೆ? ನಾನು ಹೆಣೆದಿದ್ದು ಕಣೇ. ಹೇಗಿದ್ರೂ ನಿನ್ನ ಪ್ರದರ್ಶನಕ್ಕೆ ಬರ್ತೀನಲ್ಲ, ಚೀಲ ತರ್ತೀನಿ, ಹಾಕ್ಕೊಡು." ಆಯ್ತು ಎಂದಳು ಇವಳು. ನಲವತ್ತರ ಹತ್ತಿರ ಬಂದ ಹೆಂಗಸು, ಹೆಸರು ಮಾಡಿದವಳು, ಆಯ್ತು ಚಿಕ್ಕಮ್ಮ ಎಂದು ಫೋನಿಟ್ಟು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡಳು.

ಆ ವಾರವೆಲ್ಲ ಅವಳು ಸುಮ್ಮನೆ ಕೂತಿರಲಿಲ್ಲ, ಪ್ರಾಯಶ್ಚಿತ್ತಕ್ಕೆ ದಾರಿ ಹುಡುಕಿದಳು. ಬಾಗಿಲ ಬಳಿಯ ಗೋಡೆಯ ಮೇಲೆ 'ಮಧ್ಯಾಹ್ನದ ಬಿಡುವು' ಎಂದು ಕೃತಿಯ ಹೆಸರು, ಅದರ ಕೆಳಗೆ ಅವಳ ಹೆಸರು. ಅವಳ ಹೆಸರಿನ ಪಕ್ಕದಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ, ಚಿಕ್ಕಮ್ಮನ ಹೆಸರೂ ಬರಬೇಕು. ಗ್ಯಾಲರಿ ನಡೆಸುವ ಮೇಡಂಗೆ ಅದನ್ನು ಹೇಳಲು ನಾಲ್ಕು ದಿನ ಧೈರ್ಯ ಕೂಡಿಸಿದಳು, ಜಗಳವಾದೀತೆಂದು ಮಾತುಗಳನ್ನೂ ಜೋಡಿಸಿಟ್ಟುಕೊಂಡಳು. ಮೇಡಂ ಜಗಳವಾಡಲಿಲ್ಲ. ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು, "ಅಯ್ಯೋ, ಎಂಥ ಒಳ್ಳೆ ಐಡಿಯಾ! ಜನಕ್ಕೆ ತುಂಬಾ ಇಷ್ಟ ಆಗುತ್ತೆ ರೀ. ಅವರನ್ನ ಮುಂದೆ ಕೂರಿಸೋಣ, ಒಂದು ಫೋಟೋ ಆಗ್ಲಿ, ಕೈಯಲ್ಲಿ ಕ್ರೋಶಾ ಕಡ್ಡಿ ಹಿಡ್ಕೊಂಡು," ಎಂದರು. ಮೇಡಂ ಮುಖದಲ್ಲಿ ಕಪಟವಿರಲಿಲ್ಲ, ನಿಜವಾಗಿಯೂ ಸಂತೋಷಪಟ್ಟಿದ್ದರು. ಆ ಸಂತೋಷವೇ ಅವಳನ್ನು ಕೈಯಿಟ್ಟು ತಳ್ಳಿದಂತಾಯಿತು. ಮಾಡಿದ ತಪ್ಪನ್ನು ಅಲಂಕಾರ ಮಾಡಿ ಮುಂದಿನ ಸಾಲಿನಲ್ಲಿ ಕೂರಿಸುವುದು ಇಷ್ಟು ಸಲೀಸೆಂದು ಅವಳಿಗೆ ಗೊತ್ತಿರಲಿಲ್ಲ. ಎರಡು ಹೆಸರಿನ ಹೊಸ ಕಾರ್ಡು ಈ ಬೆಳಗ್ಗೆ ಬಂದು ಗೋಡೆಗೆ ಅಂಟಿತ್ತು, ತುದಿ ಇನ್ನೂ ಸರಿಯಾಗಿ ಕೂತಿರಲಿಲ್ಲ.

ಅಲಂಕಾರ. ಆ ಮಾತನ್ನು ಮೊದಲ ಸಲ ಬೈಗುಳದ ಹಾಗೆ ಕೇಳಿದ್ದು ಕಾಲೇಜಿನಲ್ಲಿ. ಅವಳು ಮಾಡಿದ ಮೊದಲ ಪಾತ್ರೆಯ ಅಂಚಿಗೆ ಹೂಬಳ್ಳಿಯಿತ್ತು, ಮೇಷ್ಟರು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದು ಶಿಲ್ಪ ಅಲ್ಲಮ್ಮ, ಷೋಕೇಸು. ಮನೆಗೆ ತಗೊಂಡು ಹೋಗು, ನಿಮ್ಮಮ್ಮಂಗೆ ಖುಷಿಯಾಗುತ್ತೆ," ಎಂದರು. ಕ್ಲಾಸು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಇವಳೇ. ಆ ನಗು ನೆನಪಾದಾಗ ಈಗಲೂ ಕಿವಿ ಬಿಸಿಯಾಗುತ್ತದೆ, ಕುಂಚ ಹಿಡಿದ ಕೈ ಒಂದು ಕ್ಷಣ ನಿಲ್ಲುತ್ತದೆ. ಆಮೇಲೆ ಹತ್ತು ವರ್ಷ ದಪ್ಪ ದಪ್ಪ ಕಪ್ಪು ಬಂಡೆಗಳಂಥವನ್ನೇ ಮಾಡಿದಳು, ಒಂದಕ್ಕೂ ಹೂವಿಲ್ಲ, ಅಂಚಿಲ್ಲ. ಆ ಕಾಲದಲ್ಲೇ ಒಮ್ಮೆ ಗೆಳೆಯರು ಮನೆಗೆ ಬರುವವರಿದ್ದಾಗ ರೇಡಿಯೋ, ಕುರ್ಚಿ, ಹೂಜಿ, ದಿಂಬು ಎಲ್ಲದರ ಮೇಲಿನ ಹೊದಿಕೆಗಳನ್ನೂ ಸರಸರನೆ ಕಿತ್ತು ಮಂಚದ ಕೆಳಗೆ ತುರುಕಿದ್ದಳು. ಚಿಕ್ಕಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು, ಏನೂ ಅನ್ನಲಿಲ್ಲ, ಬಂದವರಿಗೆಲ್ಲ ಟೀ ಕೊಟ್ಟಳು. ಮರುದಿನ ಎಲ್ಲವೂ ಇಸ್ತ್ರಿಯಾಗಿ ತಮ್ಮ ತಮ್ಮ ಜಾಗಕ್ಕೆ ಬಂದಿದ್ದವು. ಈ ಕಥೆಯನ್ನು ಹೋದ ತಿಂಗಳು ಇಂಗ್ಲಿಷ್ ಪತ್ರಿಕೆಯವರಿಗೆ ಹೇಳುವಾಗ ಅವಳ ಗಂಟಲು ಕಟ್ಟಿತ್ತು. ಅವರು ಅದನ್ನೇ ತಲೆಬರಹ ಮಾಡಿದರು, ಮೇಡಂ ಅದನ್ನು ಕ್ಯಾಟಲಾಗಿಗೆ ಹಾಕಿದರು. ಗಂಟಲು ಕಟ್ಟಿದ್ದು ಸುಳ್ಳಲ್ಲ. ಆದರೆ ಕಟ್ಟುತ್ತಿರುವಾಗಲೇ, ಇದು ಚೆನ್ನಾಗಿ ಬರುತ್ತಿದೆ ಎಂದು ಒಳಗೆ ಯಾರೋ ಕೂತು ಲೆಕ್ಕ ಹಾಕಿದ್ದೂ ಸುಳ್ಳಲ್ಲ.

ಹೇಳಿಬಿಡಬೇಕು. ಬಾಗಿಲಲ್ಲೇ ಹೇಳಿಬಿಡಬೇಕು, ಒಳಗೆ ಬರುವ ಮುಂಚೆ. ಚಿಕ್ಕಮ್ಮ, ನಿನ್ನ ಬಟ್ಟೆ ಈಗಿಲ್ಲ. ಇಲ್ಲ, ಹಾಗಲ್ಲ, ಚಿಕ್ಕಮ್ಮ, ನಿನ್ನ ಬಟ್ಟೆ ಇನ್ನು ಮೇಲೆ ಎಂದೂ ಹಾಳಾಗುವುದಿಲ್ಲ. ಥೂ, ಇದು ಇನ್ಶೂರೆನ್ಸಿನವರ ಮಾತು. ಅವಳು ಹಾಲಿನ ಈ ತುದಿಯಿಂದ ಆ ತುದಿಗೆ ಓಡಾಡಿದಳು, ದೀಪ ಸರಿಯಿದೆಯೇ ನೋಡಿದಳು, ಸರಿಯಿದ್ದ ದೀಪವನ್ನು ಸೊಟ್ಟ ಮಾಡಿ ಮತ್ತೆ ಸರಿ ಮಾಡಿದಳು. ಚಿಕ್ಕಮ್ಮ ಬೈದರೆ ಬೈಸಿಕೊಳ್ಳಬಹುದು. ಅತ್ತರೆ ಕಾಲು ಹಿಡಿಯಬಹುದು. ಆದರೆ ಚಿಕ್ಕಮ್ಮ ಬೈಯುವವಳೂ ಅಲ್ಲ, ಅಳುವವಳೂ ಅಲ್ಲ. ಅಂದಿನ ಹಾಗೆ ಬಾಗಿಲಲ್ಲಿ ನಿಂತು ನೋಡಿ, ಏನೂ ಅನ್ನದೆ ಪಾರ್ಕಿನ ಆಚೆಯ ಆ ರೂಮಿಗೆ ಹೋಗಿಬಿಟ್ಟರೆ, ಆಮೇಲೆ ಯಾವತ್ತೂ ಪುಟ್ಟಿ ಎಂದು ಕರೆಯದಿದ್ದರೆ? ಆ ಹೆಸರಿನಿಂದ ಅವಳನ್ನು ಕರೆಯುವವರು ಭೂಮಿಯ ಮೇಲೆ ಇನ್ನೊಬ್ಬರಿರಲಿಲ್ಲ. ಕಿಟಕಿಯಿಂದ ಕೆಳಗೆ ನೋಡಿದಳು. ಬಸ್ಸು ನಿಂತು ಹೊರಟಿತು, ರಸ್ತೆ ದಾಟುತ್ತಿದ್ದವರ ನಡುವೆ ಚಿಕ್ಕಮ್ಮ, ಕಂಕುಳಲ್ಲಿ ಮಡಿಸಿದ ದೊಡ್ಡ ಬಟ್ಟೆಯ ಚೀಲ. ಗಂಟೆ ಇನ್ನೂ ಮೂರೂಕಾಲು. ಹೊತ್ತಿಗೆ ಮುಂಚೆ ಬರುವುದು ಚಿಕ್ಕಮ್ಮನ ಹಳೆಯ ಚಾಳಿ.

ಬಾಗಿಲಲ್ಲಿ ಹೇಳಲಾಗಲಿಲ್ಲ. "ಎಷ್ಟು ಮೆಟ್ಲೇ ಇದಕ್ಕೆ!" ಎನ್ನುತ್ತ ಚಿಕ್ಕಮ್ಮ ಒಳಗೆ ಬಂದು, ಚಪ್ಪಲಿ ಬಿಡಲೇ ಬೇಡವೇ ಎಂದು ಯೋಚಿಸಿ, ಬಿಡದೆ, ಪಿಂಗಾಣಿ ಕೋಣೆಯ ಎದುರು ಬಂದು ನಿಂತೇಬಿಟ್ಟಳು. ನೋಡಿದಳು. ರೇಡಿಯೋವನ್ನು ನೋಡಿದಳು, ಹೂಜಿಯನ್ನು ನೋಡಿದಳು, ಸೊಂಟ ಬಗ್ಗಿಸಿ ದಿಂಬಿನ ಅಂಚನ್ನು ನೋಡಿದಳು. ಅವಳ ತುಟಿ ಅಲ್ಲಾಡುತ್ತಿತ್ತು, ಹೆಣಿಗೆಯ ಗಂಟು ಎಣಿಸುತ್ತಿದ್ದಳು.

"ಇವು ನನ್ನವಲ್ವೇನೇ?"

"ಹೌದು ಚಿಕ್ಕಮ್ಮ."

"ಗಟ್ಟಿಯಾಗಿವೆ."

"ಮಣ್ಣಲ್ಲಿ ಅದ್ದಿ ಸುಟ್ಟಿದೀನಿ. ಬಟ್ಟೆ... ಬಟ್ಟೆ ಒಳಗಡೆನೇ ಸುಟ್ಟು ಹೋಯ್ತು. ಎಲ್ಲಾನೂ. ಒಂದೂ ಉಳಿದಿಲ್ಲ. ನಿನ್ನ ಕೇಳ್ಬೇಕಿತ್ತು, ಕೇಳ್ಲಿಲ್ಲ. ಕೇಳಿದ್ರೆ ಬೇಡ ಅಂತೀಯ ಅಂತ ಹೆದರಿ ಕೇಳ್ಲಿಲ್ಲ."

ಚಿಕ್ಕಮ್ಮ ಕಂಕುಳಿನ ಚೀಲವನ್ನು ಬಿಡಿಸಿ ಒಳಗೆ ಒಮ್ಮೆ ನೋಡಿ, ಮತ್ತೆ ಮಡಿಸಿದಳು.

"ಹಾಗಾದ್ರೆ ನೆಲ ಒರೆಸೋಕೆ ಬೇರೆ ಏನಾದ್ರೂ ನೋಡ್ಕೋಬೇಕು," ಎಂದಳು.

"ಏನು?"

"ರೂಮಿನ ನೆಲ ಒರೆಸೋಕೆ ಕಣೇ. ಹಳೇ ಹತ್ತಿ, ನೀರು ಚೆನ್ನಾಗಿ ಹೀರುತ್ತೆ. ಎರಡೆರಡು ಸೇರಿಸಿ ಹೊಲಿದ್ರೆ ಒಂದು ವರ್ಷ ಬರ್ತಿತ್ತು. ಹೋಗ್ಲಿ ಬಿಡು."

ಅವಳಿಗೆ ನಗು ಬಂತು, ಜೊತೆಗೇ ಯಾರೋ ಕಪಾಳಕ್ಕೆ ಬಾರಿಸಿದಂತೆಯೂ ಆಯಿತು. ಒಂದು ವಾರದ ನಿದ್ದೆ, ಒಂದು ವರ್ಷದ ಅಳು, ಗೋಡೆಯ ಮೇಲಿನ ಎರಡು ಹೆಸರು, ಎಲ್ಲ ನೆಲ ಒರೆಸುವ ಬಟ್ಟೆಗೆ! ತಪ್ಪು ಮುಗಿಯಿತಲ್ಲ ಎಂದು ಹಗುರಾಗಬೇಕಿತ್ತು. ಹಗುರಾಗಲಿಲ್ಲ, ಅವಮಾನವಾಯಿತು, ತನ್ನ ತಪ್ಪನ್ನು ಇಷ್ಟು ಅಗ್ಗ ಮಾಡಲು ಚಿಕ್ಕಮ್ಮನಿಗೆ ಯಾರು ಹೇಳಿದರು ಎಂಬಂಥ ಸಿಟ್ಟೂ ಬಂತು. "ಹಾಗನ್ಬೇಡ ಚಿಕ್ಕಮ್ಮ," ಎಂದಳು. "ಅಷ್ಟು ಪ್ರೀತಿಯಿಂದ ಹೆಣೆದಿದ್ದು. ಅದನ್ನ ಯಾರೂ ಲೆಕ್ಕಕ್ಕೇ ಇಡ್ಲಿಲ್ಲ. ನಾನೂ ಇಡ್ಲಿಲ್ಲ. ಅದಕ್ಕೇ ಇದನ್ನೆಲ್ಲ ಮಾಡಿದ್ದು." ಇದು ಸಂಜೆಯ ಭಾಷಣದ ಎರಡನೆಯ ಪುಟದಲ್ಲಿದ್ದ ಮಾತು, ಬಾಯಿಗೆ ತಾನಾಗಿ ಬಂತು.

ಚಿಕ್ಕಮ್ಮ ಗೋಡೆಯ ಕಾರ್ಡಿನತ್ತ ಹೋಗಿ ಓದಿದಳು. "ಮಧ್ಯಾಹ್ನದ ಬಿಡುವು," ಎಂದು ಗಟ್ಟಿಯಾಗಿ ಓದಿ ಕಿಸಕ್ಕನೆ ನಕ್ಕಳು. "ಯಾರಿಗೇ ಬಿಡುವು? ಪ್ರೀತಿ ಅಂತೆ ಪ್ರೀತಿ! ಪಾತ್ರೆಯೆಲ್ಲ ಮುಗಿಸಿ ಎರಡು ಗಂಟೆಗೆ ಸ್ವಲ್ಪ ಕೂತೆ ಅನ್ನು. ಸುಮ್ನೆ ಕೂತಿರೋದು ಕಂಡ್ರೆ ಒಬ್ರಲ್ಲ ಒಬ್ರು ಕರೀತಿದ್ರು. ಇದೊಂದು ಗುಂಡಿ ಹಾಕು, ಅದೊಂದು ಇಸ್ತ್ರಿ ಮಾಡು, ಕಾಲು ಹಿಸುಕು. ಕೈಯಲ್ಲಿ ಕಡ್ಡಿ ಇದ್ರೆ ಕರೀತಿರ್ಲಿಲ್ಲ, ಕೆಲಸ ಮಾಡ್ತಿದಾಳೆ ಪಾಪ ಅಂತ ಬಿಡ್ತಿದ್ರು. ಅದಕ್ಕೆ ಹಿಡ್ಕೊಂಡೆ ಕಡ್ಡಿ. ನಂಗೆ ಹೆಣಿಗೆ ಅಂದ್ರೆ ಆಗ್ತಾನೇ ಇರ್ಲಿಲ್ಲ, ಕಣ್ಣು ಉರಿಯೋದು."

"ಮತ್ತೆ ಮೂವತ್ತೊಂದು..."

"ಜಾಸ್ತಿನೇ ಇದ್ವು, ಹರಿದು ಹೋದ್ವು. ಹೇಳ್ಲಾ? ಹೆಣೀತಾ ಹೆಣೀತಾ ಮನಸ್ಸಲ್ಲೇ ಬೈತಿದ್ದೆ. ಒಂದು ಗಂಟು ನಿಮ್ಮಮ್ಮಂಗೆ, ಒಂದು ಗಂಟು ನಿಮ್ಮಪ್ಪಂಗೆ. ಅಂಚು ಹಾಕೋವಾಗ ನಿಂಗೆ, ನಿಮ್ಮಣ್ಣಂಗೆ. ನೀವು ಮಕ್ಳು, ಮೆಲ್ಲಗೆ ಬೈತಿದ್ದೆ." ರೇಡಿಯೋದ ಹೊದಿಕೆಯ ಕಡೆ ಗದ್ದ ಎತ್ತಿ ತೋರಿಸಿದಳು. "ಅದು ಪೂರ್ತಿ ನಿಮ್ಮಪ್ಪಂದೇ. ನಾಲ್ಕು ತಿಂಗಳು ಬೈದಿದೀನಿ."

ಅವಳು ಆ ಹೊದಿಕೆಯನ್ನು ನೋಡಿದಳು. ಅಪ್ಪನ ರೇಡಿಯೋ, ಅಪ್ಪನ ಕುರ್ಚಿ. ಅವನು ಕಾಲು ಚಾಚಿ ವಾರ್ತೆ ಕೇಳುತ್ತಿದ್ದದ್ದು, ಎದುರಿನ ಮೂಲೆಯಲ್ಲಿ ಚಿಕ್ಕಮ್ಮ ತಲೆ ಬಗ್ಗಿಸಿ ಹೆಣೆಯುತ್ತಿದ್ದದ್ದು, ನಡುವೆ ನೆಲದ ಮೇಲೆ ತಾನು ಹೊಟ್ಟೆ ಅಡಿಯಾಗಿ ಮಲಗಿ ಚಿತ್ರ ಬರೆಯುತ್ತಿದ್ದದ್ದು. ಎಂಥ ತಂಪು ಮಧ್ಯಾಹ್ನಗಳು ಎಂದುಕೊಂಡಿದ್ದಳು. ಆ ತಂಪನ್ನೇ ಮಾಡಲು ಹೊರಟು ಒಂದು ವರ್ಷ ಕೆಲಸ ಮಾಡಿದ್ದಳು. ನೂಲು ಒಂದು ಕಡೆ ಬಿಗಿಯಾಗಿ ಒಂದು ಕಡೆ ಸಡಿಲಾಗಿ ಇದ್ದದ್ದಕ್ಕೆ ಭಟ್ಟಿಯ ಮುಂದೆ ಕೂತು ಅತ್ತದ್ದು ನೆನಪಾಗಿ, ಆ ಬಿಗಿಯಾದ ಕಡೆಯಲ್ಲೆಲ್ಲ ಚಿಕ್ಕಮ್ಮ ಯಾರನ್ನು ಬೈಯುತ್ತಿದ್ದಿರಬಹುದು ಎಂದು ನಾಚಿಕೆಯಾಯಿತು.

"ಬಟ್ಟೆ ಆಗಿದ್ರೆ ಒರೆಸಿ ಒರೆಸಿ ಸವೆದು ಹೋಗ್ತಿತ್ತು," ಎಂದಳು ಚಿಕ್ಕಮ್ಮ. ದನಿ ಈಗ ನಗೆಯದಾಗಿರಲಿಲ್ಲ. "ನೀನು ನೋಡಿದ್ರೆ ಕಲ್ಲು ಮಾಡಿಟ್ಟಿದೀಯ. ಎಷ್ಟು ವರ್ಷ ಇರುತ್ತೆ ಇದು?"

"ಒಡೀದೇ ಇದ್ರೆ... ಇದ್ದೇ ಇರುತ್ತೆ."

"ಅಯ್ಯೋ ದೇವರೇ."

ಆ ಎರಡು ಮಾತಿನಲ್ಲಿದ್ದ ಸುಸ್ತು ಅವಳನ್ನು ಅಲ್ಲಾಡಿಸಿಬಿಟ್ಟಿತು. ಹಾಲಿನ ಆಚೆ ತುದಿಯ ಕಚೇರಿಯಲ್ಲಿ ಮೇಡಂ ಫೋನಿನಲ್ಲಿ ಯಾರಿಗೋ ದಾರಿ ಹೇಳುತ್ತಿದ್ದರು. ಚಿಕ್ಕಮ್ಮ ಮೇಜಿನ ಹತ್ತಿರ ಸರಿದು, ಕಪ್ಪಿನ ಮೇಲಿದ್ದ ಪುಟ್ಟ ಹೊದಿಕೆಯನ್ನು ಬೆರಳ ತುದಿಯಿಂದ ಮುಟ್ಟಿದಳು. ಅವಳ ಹೆಣಿಗೆಯಲ್ಲಿ ಭಟ್ಟಿಯಿಂದ ಮೊದಲು ಹೊರಬಂದದ್ದು ಅದೇ.

"ಪುಟ್ಟಿ, ಒಂದು ಮುರೀಲೇನೇ?"

ಬೇಡವೆನ್ನಲು ಯಾವ ಬಾಯಿ? ಕೇಳದೆ ಮೂವತ್ತೊಂದನ್ನು ಸುಟ್ಟವಳು ತಾನು, ಕೇಳಿ ಒಂದನ್ನು ಮುರಿಯುತ್ತೇನೆನ್ನುತ್ತಿರುವವಳು ಚಿಕ್ಕಮ್ಮ. "ಮುರಿ ಚಿಕ್ಕಮ್ಮ," ಎಂದಳು. ಹಾಗೆ ಅಂದಾಗ ತನ್ನ ದೊಡ್ಡತನಕ್ಕೆ ತಾನೇ ಕರಗಿದಳು, ಕಣ್ಣೂ ತುಂಬಿತು. ಚಿಕ್ಕಮ್ಮ ಅದನ್ನು ಅಂಗೈಯಲ್ಲಿಟ್ಟುಕೊಂಡು ಮುಷ್ಟಿ ಮಾಡಿದಳು. ಮೊಟ್ಟೆಯ ಚಿಪ್ಪು ಒಡೆದಷ್ಟೇ ಸದ್ದು. ಕೈ ಬಿಡಿಸಿದಾಗ ಬಿಳಿಯ ಚೂರುಗಳು, ಒಂದಿಷ್ಟು ಪುಡಿ. ಚಿಕ್ಕಮ್ಮ ಅದನ್ನು ನೆಲಕ್ಕೆ ಸುರಿದು ಕೈ ಝಾಡಿಸಿ, ಬಾಯಿ ತುಂಬ ನಕ್ಕಳು. ಇಷ್ಟು ವರ್ಷದಲ್ಲಿ ಅವಳು ಕೇಳಿರದ ನಗು ಅದು, ಹದಿನಾರರ ಹುಡುಗಿಯರು ತಮ್ಮತಮ್ಮಲ್ಲೇ ನಗುವಂಥದು. ನಗುತ್ತಲೇ ಚಿಕ್ಕಮ್ಮ ರೇಡಿಯೋದ ಕಡೆ ತಿರುಗಿ ಎರಡೂ ಕೈ ಚಾಚಿದಳು.

ರೇಡಿಯೋದ ಹೊದಿಕೆ ಎಲ್ಲಕ್ಕಿಂತ ದೊಡ್ಡದು. ಅದು ಭಟ್ಟಿಯಲ್ಲಿ ಕುಸಿಯದಂತೆ ಒಳಗೆ ಆಸರೆ ಕಟ್ಟಲು ಅವಳಿಗೆ ಮೂರು ವಾರ ಹಿಡಿದಿತ್ತು. ಒಣಗುವಾಗ ಒಂದು ಮೂಲೆ ಬಿರುಕು ಬಿಟ್ಟು, ಒದ್ದೆ ಕುಂಚ ಹಿಡಿದು ಎರಡು ದಿನ ಅದರ ಪಕ್ಕದಲ್ಲೇ ಕೂತಿದ್ದಳು. ಅದರ ಇಳಿಬಿದ್ದ ಅಂಚಿನ ಮಡಿಕೆ, ಆ ಒಂದು ಮಡಿಕೆ, ಅವಳ ಇಪ್ಪತ್ತು ವರ್ಷದ ಕೆಲಸದಲ್ಲಿ ಅವಳೇ ಮೆಚ್ಚಿಕೊಂಡದ್ದು. ಇದೆಲ್ಲ ಅವಳು ಯೋಚಿಸಿದ್ದಲ್ಲ, ಯೋಚಿಸಲು ಸಮಯವೇ ಇರಲಿಲ್ಲ. ಕಾಲು ಎರಡು ಹೆಜ್ಜೆ ಹಾರಿತ್ತು, ಕೈ ಚಿಕ್ಕಮ್ಮನ ಮಣಿಕಟ್ಟನ್ನು ಹಿಡಿದಾಗಿತ್ತು.

"ಮುಟ್ಬೇಡ! ಅದು ನಂದು!"

ಕೂಗು ಖಾಲಿ ಹಾಲಿನ ಗೋಡೆಗೆ ಬಡಿದು ಅವಳಿಗೇ ವಾಪಸು ಕೇಳಿಸಿತು. ಕಚೇರಿಯ ಬಾಗಿಲಿನಿಂದ ಮೇಡಂ ತಲೆ ಹೊರಗೆ ಹಾಕಿ, ನೋಡಿ, ಒಳಗೆಳೆದುಕೊಂಡರು. ಚಿಕ್ಕಮ್ಮ ನಗು ನಿಲ್ಲಿಸಿ ತನ್ನ ಮಣಿಕಟ್ಟನ್ನು ನೋಡಿಕೊಂಡಳು, ಆಮೇಲೆ ಇವಳ ಮುಖವನ್ನು. ಚಿಕ್ಕಮ್ಮನ ಮುಖದಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವೂ ಇರಲಿಲ್ಲ. ಕಳೆದುಹೋಗಿದ್ದ ಯಾವುದೋ ಸಣ್ಣ ಸಾಮಾನು ಮನೆಯಲ್ಲೇ ಸಿಕ್ಕಿದಾಗ ಮಾಡುವ ಮುಖ ಅದು.

"ಹೂಂ," ಎಂದಳು ಚಿಕ್ಕಮ್ಮ. "ನಿಂದೇ. ಅದಕ್ಕ್ಯಾಕೆ ಇಷ್ಟು ಸುತ್ತು ಬಳಸು? ಆ ಗೋಡೆ ಮೇಲಿಂದ ನನ್ನ ಹೆಸರು ತೆಗೆಸು. ನಂಗೆ ಬೇಡ."

"ಚಿಕ್ಕಮ್ಮ, ನಾನು ಹಾಗಲ್ಲ..."

"ಹಾಗೇ. ತಪ್ಪೇನಿಲ್ಲ." ದನಿ ಮೆತ್ತಗಿತ್ತು. "ಮೂವತ್ತೆಂಟು ವರ್ಷ ಆ ಮನೇಲಿದ್ದೆ. ಒಂದು ಲೋಟಕ್ಕಾದ್ರೂ ನಾನು ಹಾಗೆ ಕೂಗ್ಲಿಲ್ಲ ನೋಡು."

ಕ್ಷಮಿಸು ಎಂಬ ಮಾತು ಹಲ್ಲಿನವರೆಗೂ ಬಂತು; ಆದರೆ ಅವಳ ಕಣ್ಣು ಚಿಕ್ಕಮ್ಮನ ಮುಖ ಬಿಟ್ಟು ರೇಡಿಯೋದ ಕಡೆಗೆ ಹೊರಳಿ, ಅಂಚಿನ ಮಡಿಕೆಗೆ ಏನಾದರೂ ತಾಗಿತೋ ಎಂದು ಹುಡುಕುತ್ತಿತ್ತು. ಏನೂ ಆಗಿರಲಿಲ್ಲ. ಉಸಿರು ಬಿಟ್ಟಳು.

"ಕೈ ಬಿಡೇ," ಎಂದಳು ಚಿಕ್ಕಮ್ಮ, "ನೋಯ್ತಿದೆ."